ಸೊಳ್ಳೆಯ ಬೆನ್ನು ಹತ್ತಿದ ವೈದ್ಯ - ಸರ್ ರೊನಾಲ್ಡ್ ರಾಸ್

ದೇವನಹಳ್ಳಿಯ ಕೋಟೆಯ ಸಮೀಪ ಕಲ್ಲುಕಂಬಗಳ ಒಂದು ಚಿಕ್ಕ ಮಂಟಪವಿದೆ. ಟಿಪ್ಪು ಸುಲ್ತಾನರು ಹುಟ್ಟಿದ ಜಾಗವೆಂದು ಅದನ್ನು ಗುರುತಿಸಲಾಗಿದೆ. ಅಲ್ಲಿ ಕಣ್ಣು ತೆರೆದ ಮಗು ಬೆಳೆದು ದೊರೆಯಾಗಿ, 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಾ ಮಡಿದುದು ನಮಗೆಲ್ಲ ತಿಳಿದ ಇತಿಹಾಸ. ಆದರೆ ಅದರ ನಂತರ ನಡೆದ ಒಂದು ಸಂಗತಿ ಹಲವರಿಗೆ ತಿಳಿದಿಲ್ಲ. ಯುದ್ಧದಲ್ಲಿ ಗೆದ್ದ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿಯೇ ಬೀಡುಬಿಟ್ಟಿತು. ಆದರೆ ಅಲ್ಲಿ ಹೆಚ್ಚು ಕಾಲ ನಿಲ್ಲಲು ಅದಕ್ಕೆ ಸಾಧ್ಯವಾಗಲಿಲ್ಲ. ಕಾವೇರಿಯ ಆ ದ್ವೀಪದಲ್ಲಿ ಚಳಿಜ್ವರ ಸಿಪಾಯಿಗಳನ್ನೂ ಅಧಿಕಾರಿಗಳನ್ನೂ ಒಬ್ಬೊಬ್ಬರನ್ನಾಗಿ ಮಲಗಿಸಿತು. ಕೊನೆಗೆ 1809ರಲ್ಲಿ ಸೈನ್ಯವು ಎತ್ತರದ, ತಂಪಾದ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಬೆಂಗಳೂರಿನ ದಂಡು ಪ್ರದೇಶ ಹುಟ್ಟಿದ್ದು ಹೀಗೆ. ಫಿರಂಗಿಗಳಿಗೆ ಹೆದರದ ಸೈನ್ಯವನ್ನು ಊರು ಬಿಡಿಸಿದ್ದು ಒಂದು ಪುಟ್ಟ ಕೀಟ.

ಆ ಕೀಟದ ಪಾತ್ರವೇನೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಜೌಗು ನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಪಂಡಿತರೂ ಪಾಮರರೂ ನಂಬಿದ್ದರು. ಮಲೇರಿಯಾ ಎಂಬ ಇಟಲಿಯ ಪದಕ್ಕೆ ಅರ್ಥವೇ ಕೆಟ್ಟ ಗಾಳಿ. ಈ ತಪ್ಪು ತಿಳುವಳಿಕೆಯನ್ನು ಸರಿಪಡಿಸಿದವರಲ್ಲಿ ಪ್ರಮುಖರು ಡಾ. ರೊನಾಲ್ಡ್ ರಾಸ್. ಅವರ ಶೋಧನೆಯ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ, ಒಂದು ನೀರಿನ ತೊಟ್ಟಿಯಲ್ಲಿ.

ಮನಸ್ಸಿಲ್ಲದ ವಿದ್ಯಾರ್ಥಿ

ರೊನಾಲ್ಡ್ ರಾಸ್ 1857ರ ಮೇ 13ರಂದು ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಜನಿಸಿದರು. ಮೀರತ್‌ನಲ್ಲಿ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನಗಳಾಗಿದ್ದವು. ತಂದೆ ಬ್ರಿಟಿಷ್ ಸೈನ್ಯದ ಅಧಿಕಾರಿ. ಎಂಟನೆಯ ವಯಸ್ಸಿಗೆ ಬಾಲಕನನ್ನು ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವನಿಗೆ ಕವಿಯಾಗಬೇಕು, ಚಿತ್ರಗಾರನಾಗಬೇಕು ಎಂಬ ಆಸೆ. ತಂದೆಗೆ ಮಗ ವೈದ್ಯನಾಗಬೇಕೆಂಬ ಹಟ. ತಂದೆಯ ಮಾತಿಗೆ ಕಟ್ಟುಬಿದ್ದು 1875ರಲ್ಲಿ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ವೈದ್ಯಕೀಯಕ್ಕೆ ಸೇರಿದರೂ ಅವರ ಮನಸ್ಸು ಕಾವ್ಯ, ಸಂಗೀತಗಳ ಕಡೆಗೇ ಇತ್ತು. ಹೇಗೋ ಪರೀಕ್ಷೆಗಳನ್ನು ಮುಗಿಸಿ 1881ರಲ್ಲಿ ಭಾರತದ ಸೈನಿಕ ವೈದ್ಯ ಸೇವೆಗೆ ಸೇರಿದರು.

1883ರಲ್ಲಿ ಅವರಿಗೆ ಬೆಂಗಳೂರಿನ ದಂಡಿಗೆ ವರ್ಗವಾಯಿತು. ಇರಲು ಒಳ್ಳೆಯ ಬಂಗಲೆ ದೊರೆಯಿತು. ಆದರೆ ಸೊಳ್ಳೆಗಳ ಕಾಟ ಹೇಳತೀರದು. ಅಕ್ಕಪಕ್ಕದ ಮನೆಗಳಲ್ಲಿ ಅಷ್ಟಿಲ್ಲದ ಸೊಳ್ಳೆ ತನ್ನ ಕೋಣೆಯಲ್ಲಿ ಮಾತ್ರ ಏಕೆ ಎಂದು ಅವರು ಹುಡುಕಿದರು. ಕಿಟಕಿಯ ಹೊರಗೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಬಳುಕಾಡುತ್ತಿದ್ದವು. ತೊಟ್ಟಿಯನ್ನು ಮಗುಚಿ ಹಾಕಿದರು. ಕೆಲವೇ ದಿನಗಳಲ್ಲಿ ಕಾಟ ತಗ್ಗಿತು. ಸಂತೋಷದಿಂದ ಈ ಸಂಗತಿಯನ್ನು ಅವರು ಒಬ್ಬ ಮೇಲಧಿಕಾರಿಗೆ ತಿಳಿಸಿ, ಅಧಿಕಾರಿಗಳ ಭೋಜನಶಾಲೆಯ ಹೂದಾನಿ, ಡಬ್ಬಿ, ತೊಟ್ಟಿಗಳನ್ನೂ ಖಾಲಿ ಮಾಡಿಸುವಂತೆ ಕೇಳಿಕೊಂಡರು. ಅವರು ಒಪ್ಪಲಿಲ್ಲ. ಸೊಳ್ಳೆಯೂ ಪ್ರಕೃತಿಯ ಒಂದು ಭಾಗ, ಅದನ್ನು ಸಹಿಸಿಕೊಳ್ಳಬೇಕು ಎಂಬುದು ಅವರ ನಿಲುವು. ಇಂದಿಗೂ ನಮ್ಮ ಬೀದಿಗಳಲ್ಲಿ ಇದೇ ನಿಲುವಿನವರು ಎಷ್ಟು ಮಂದಿ ಇಲ್ಲ!

ತಪ್ಪುಗಳ ದಾರಿ

ಮಲೇರಿಯಾ ರೋಗಿಯ ರಕ್ತದಲ್ಲಿ ಕಣ್ಣಿಗೆ ಕಾಣದ ಪರೋಪಜೀವಿ ಇದೆಯೆಂದು ಫ್ರಾನ್ಸಿನ ಸೈನಿಕ ವೈದ್ಯ ಲಾವೆರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ಕಂಡುಹಿಡಿದಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೇಗೆ ದಾಟುತ್ತದೆ ಎಂಬುದು ಮಾತ್ರ ಒಗಟಾಗಿತ್ತು. 1894ರಲ್ಲಿ ರಜೆಯ ಮೇಲೆ ಲಂಡನ್ನಿಗೆ ಹೋಗಿದ್ದ ರಾಸ್‌ರಿಗೆ ಡಾ. ಪ್ಯಾಟ್ರಿಕ್ ಮ್ಯಾನ್ಸನ್ ಆ ಜೀವಿಯನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಟ್ಟು, ಸೊಳ್ಳೆಯೇ ಅದರ ವಾಹನವಿರಬಹುದೆಂಬ ತಮ್ಮ ಊಹೆಯನ್ನು ತಿಳಿಸಿದರು. ಅಂದಿನಿಂದ ರಾಸ್ ಈ ಒಂದೇ ವಿಷಯದ ಬೆನ್ನು ಹತ್ತಿದರು.

1895ರಲ್ಲಿ ಸಿಕಂದರಾಬಾದಿಗೆ ಬಂದ ಅವರು ಸೊಳ್ಳೆಗಳನ್ನು ಸಾಕತೊಡಗಿದರು. ಆದರೆ ಮ್ಯಾನ್ಸನ್‌ರ ಊಹೆಯಲ್ಲಿ ಒಂದು ತಪ್ಪಿತ್ತು. ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ರೋಗ ಬರುತ್ತದೆ ಎಂದು ಅವರು ಭಾವಿಸಿದ್ದರು. ಲಕ್ಷ್ಮಣ ಎಂಬ ಒಬ್ಬ ಬಡವನಿಗೆ ಅಂತಹ ನೀರನ್ನು ಕುಡಿಸಿ ನೋಡಲಾಯಿತು. ಅವನಿಗೆ ಸ್ವಲ್ಪ ಜ್ವರ ಬಂತಾದರೂ ಇತರರ ಮೇಲಿನ ಪ್ರಯೋಗ ಫಲಿಸಲಿಲ್ಲ. ಇನ್ನೊಂದು ತಪ್ಪೂ ಇತ್ತು. ರಾಸ್ ಹಿಡಿದು ಸಾಕುತ್ತಿದ್ದುದು ಮಲೇರಿಯಾ ಹರಡದ ಜಾತಿಯ ಸೊಳ್ಳೆಗಳನ್ನು. ನೂರಾರು ಸೊಳ್ಳೆಗಳನ್ನು ಸೀಳಿ ನೋಡಿದರೂ ಏನೂ ಸಿಗಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲರಾ ಕಾಣಿಸಿಕೊಂಡಾಗ ಅದನ್ನು ತಡೆಯಲು ಅವರನ್ನು ಮತ್ತೆ ಇಲ್ಲಿಗೆ ಕಳುಹಿಸಲಾಯಿತು. ಸೊಳ್ಳೆಯ ಕೆಲಸಕ್ಕೆ ಅಡ್ಡಿಯಾಯಿತೆಂದು ಬೇಸರವಿದ್ದರೂ ಅವರು ಕರ್ತವ್ಯದಲ್ಲಿ ಹಿಂದುಳಿಯಲಿಲ್ಲ. ದಂಡಿನ ಓಣಿಗಳಲ್ಲಿ ತಿರುಗಿ ಚರಂಡಿ, ಕಸ, ಕುಡಿಯುವ ನೀರುಗಳ ಸ್ಥಿತಿಯನ್ನು ಪರಿಶೀಲಿಸಿ ಊರಿನ ನೈರ್ಮಲ್ಯದ ಬಗ್ಗೆ ದೀರ್ಘ ವರದಿಯನ್ನು ಬರೆದರು. ಕಾಲರಾ ಹರಡುವುದು ರೋಗಿಯ ಮಲ ಸೇರಿದ ನೀರು, ಆಹಾರಗಳಿಂದ. ಮಲೇರಿಯಾ ಹರಡುವ ಬಗೆಯೇ ಬೇರೆ. ಪ್ರತಿಯೊಂದು ಸಾಂಕ್ರಾಮಿಕ ರೋಗಕ್ಕೂ ತನ್ನದೇ ಆದ ದಾರಿಯಿದೆ. ಆ ದಾರಿಯನ್ನು ಅರಿತು ಮುಚ್ಚಿದರೆ ರೋಗ ನಿಲ್ಲುತ್ತದೆ. ರಾಸ್‌ರ ಇಡೀ ಬದುಕಿನ ಸಾರವೇ ಇದು.

1897ರ ಬೇಸಿಗೆಯಲ್ಲಿ ಊಟಿಯ ಬಳಿ ಅವರಿಗೇ ಮಲೇರಿಯಾ ತಗುಲಿತು. ಗುಣವಾದ ಮೇಲೆ ಸಿಕಂದರಾಬಾದಿಗೆ ಮರಳಿ ಬೇಗಂಪೇಟೆಯ ಚಿಕ್ಕ ಆಸ್ಪತ್ರೆಯಲ್ಲಿ ಕೆಲಸ ಮುಂದುವರಿಸಿದರು.

ಹುಸೇನ್ ಖಾನ್‌ನ ರಕ್ತ

ಅದು ಸೆಖೆಯ ಕಾಲ. ಸೀಳಿದ ಸೊಳ್ಳೆಯ ತುಣುಕುಗಳು ಹಾರಿಹೋಗುತ್ತವೆಂದು ಪಂಕಾ ಬೀಸಿಸುವಂತಿಲ್ಲ. ಹಣೆಯ ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಹೀಗಿರುವಾಗ ಸಹಾಯಕರು ತಂದುಕೊಟ್ಟ ಮರಿಗಳಿಂದ ಒಂದು ಹೊಸ ಬಗೆಯ ಸೊಳ್ಳೆಗಳು ಹೊರಬಂದವು. ಕಂದು ಬಣ್ಣ, ರೆಕ್ಕೆಯ ಮೇಲೆ ಚುಕ್ಕೆಗಳು. ಅವು ಅನಾಫಿಲಿಸ್ ಜಾತಿಯವು.

ಆಸ್ಪತ್ರೆಯಲ್ಲಿ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯಿದ್ದನು. ಒಂದು ಕಡಿತಕ್ಕೆ ಒಂದು ಆಣೆಯಂತೆ ಕೊಡುವ ಒಪ್ಪಂದದ ಮೇಲೆ ಅವನು ಸೊಳ್ಳೆಪರದೆಯೊಳಗೆ ಮಲಗಿ ಆ ಸೊಳ್ಳೆಗಳಿಗೆ ತನ್ನ ಮೈಯೊಡ್ಡಿದನು. ಇದು ಆಗಸ್ಟ್ 16ರಂದು. ರಕ್ತ ಕುಡಿದ ಸೊಳ್ಳೆಗಳನ್ನು ರಾಸ್ ದಿನಕ್ಕೆ ಕೆಲವರಂತೆ ಪರೀಕ್ಷಿಸುತ್ತಾ ಬಂದರು. ಆಗಸ್ಟ್ 20ರಂದು ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದರ ಜಠರದ ಗೋಡೆಯಲ್ಲಿ ದುಂಡನೆಯ ಕೋಶಗಳು ಕಂಡವು. ಅವುಗಳೊಳಗೆ ಮಲೇರಿಯಾ ಜೀವಿಯದೇ ಆದ ಕಪ್ಪು ಕಣಗಳು! ಮರುದಿನ ಸೀಳಿದ ಸೊಳ್ಳೆಯಲ್ಲಿ ಆ ಕೋಶಗಳು ಇನ್ನಷ್ಟು ದೊಡ್ಡದಾಗಿದ್ದವು. ರೋಗಿಯ ರಕ್ತದಿಂದ ಹೋದ ಜೀವಿ ಸೊಳ್ಳೆಯ ಒಡಲಿನಲ್ಲಿ ಬೆಳೆಯುತ್ತಿದೆ ಎಂಬುದು ಸಾಬೀತಾಯಿತು. ಈಗಲೂ ಆಗಸ್ಟ್ 20ನ್ನು ವಿಶ್ವ ಸೊಳ್ಳೆ ದಿನವೆಂದು ಆಚರಿಸಲಾಗುತ್ತದೆ.

ಇನ್ನೇನು ಉಳಿದ ಅರ್ಧವನ್ನು ಮುಗಿಸಬೇಕು ಎನ್ನುವಷ್ಟರಲ್ಲಿ ರಾಜಸ್ಥಾನದ ಖೇರ್ವಾಡಾಕ್ಕೆ ವರ್ಗವಾಯಿತು. ತಿಂಗಳುಗಳು ವ್ಯರ್ಥವಾದವು. 1898ರಲ್ಲಿ ಕಲ್ಕತ್ತದಲ್ಲಿ ಒಂದು ಸಣ್ಣ ಪ್ರಯೋಗಾಲಯ ದೊರೆಯಿತು. ಅಲ್ಲಿ ಮನುಷ್ಯ ರೋಗಿಗಳು ಸಿಗದೆ ಹಕ್ಕಿಗಳ ಮಲೇರಿಯಾವನ್ನು ಕೈಗೆತ್ತಿಕೊಂಡರು. ಹಕ್ಕಿಗಳನ್ನು ಹಿಡಿಯಲು, ಸೊಳ್ಳೆಗಳನ್ನು ಸಾಕಲು ಅವರಿಗೆ ನೆರವಾದವನು ಮುಹಮ್ಮದ್ ಬಕ್ಷ್ ಎಂಬ ಸೇವಕ. ಅದೇ ಜುಲೈಯಲ್ಲಿ ಒಗಟು ಬಿಡಿಸಿತು. ಸೊಳ್ಳೆಯ ಜಠರದಲ್ಲಿ ಬೆಳೆದ ರೋಗಾಣುಗಳು ಅದರ ಜೊಲ್ಲಿನ ಗ್ರಂಥಿಗಳಿಗೆ ಬಂದು ಸೇರುತ್ತವೆ. ಸೊಳ್ಳೆ ಕಚ್ಚಿದಾಗ ಜೊಲ್ಲಿನೊಂದಿಗೆ ಹೊಸ ದೇಹವನ್ನು ಹೊಗುತ್ತವೆ. ಕೆಟ್ಟ ಗಾಳಿಯೂ ಅಲ್ಲ, ಕುಡಿಯುವ ನೀರೂ ಅಲ್ಲ, ಕಡಿತವೇ ರೋಗದ ದಾರಿ. ಮನುಷ್ಯರಲ್ಲಿಯೂ ಇದು ಹೀಗೆಯೇ ಎಂಬುದನ್ನು ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಅವರ ಸಂಗಡಿಗರು ಪೂರ್ತಿಯಾಗಿ ತೋರಿಸಿಕೊಟ್ಟರು.

ಕೀರ್ತಿ ಮತ್ತು ಕಹಿ

1899ರಲ್ಲಿ ರಾಸ್ ಭಾರತವನ್ನು ಬಿಟ್ಟು ಲಿವರ್‌ಪೂಲಿನಲ್ಲಿ ಅಧ್ಯಾಪಕರಾದರು. ಕಂಡುಹಿಡಿದದ್ದು ಪುಸ್ತಕದಲ್ಲಿ ಉಳಿಯಬಾರದು, ಜನರ ಪ್ರಾಣ ಉಳಿಸಬೇಕು ಎಂಬ ಹಂಬಲ ಅವರದು. ಆಫ್ರಿಕಾದ ಫ್ರೀಟೌನ್‌ಗೆ ಹೋದರು. 1902ರಲ್ಲಿ ಸೂಯೆಜ್ ಕಾಲುವೆಯ ಕಂಪೆನಿಯ ಕರೆಯ ಮೇರೆಗೆ ಈಜಿಪ್ಟಿನ ಇಸ್ಮಾಯಿಲಿಯಾಕ್ಕೆ ಹೋಗಿ, ನಿಂತ ನೀರನ್ನು ಬಸಿಯುವ, ಬಸಿಯಲಾಗದ ಕಡೆ ಎಣ್ಣೆ ಬಿಡುವ ಯೋಜನೆಯನ್ನು ಸೂಚಿಸಿದರು. ಜ್ವರಕ್ಕೆ ಹೆಸರಾಗಿದ್ದ ಆ ಊರಿನಲ್ಲಿ ಕೆಲವೇ ವರ್ಷಗಳಲ್ಲಿ ಮಲೇರಿಯಾ ಬಹುಮಟ್ಟಿಗೆ ಅಳಿಯಿತು. ಅದೇ 1902ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ, 1911ರಲ್ಲಿ ಸರ್ ಪದವಿ ದೊರೆತವು.

ಆದರೆ ಕೀರ್ತಿ ಅವರಿಗೆ ನೆಮ್ಮದಿ ತರಲಿಲ್ಲ. ಶೋಧನೆಯ ಹಿರಿಮೆ ಯಾರಿಗೆ ಸಲ್ಲಬೇಕೆಂದು ಗ್ರಾಸಿಯವರೊಡನೆ ವರ್ಷಗಟ್ಟಲೆ ಜಗಳವಾಡಿದರು. ಕೈಹಿಡಿದು ದಾರಿ ತೋರಿದ ಮ್ಯಾನ್ಸನ್‌ರೊಡನೆಯೂ ಮನಸ್ತಾಪ ಕಟ್ಟಿಕೊಂಡರು. 1914ರ ಯುದ್ಧದಲ್ಲಿ ಹಿರಿಯ ಮಗನನ್ನು ಕಳೆದುಕೊಂಡರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ನಿಧನರಾದರು. ಜ್ಞಾನದೊಂದಿಗೆ ವಿನಯವೂ ಬೆರೆತಿದ್ದರೆ ಆ ಬದುಕು ಇನ್ನೆಷ್ಟು ಸುಂದರವಾಗಿರುತ್ತಿತ್ತು! ಬಡ ರೋಗಿಗಳಿಗೆ ಕೆಲವು ಆಣೆ ಕೊಟ್ಟು ಅವರ ಮೈಮೇಲೆ ಪ್ರಯೋಗ ಮಾಡುವುದನ್ನು ಇಂದಿನ ವೈದ್ಯಕೀಯ ನೀತಿ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ನೊಬೆಲ್ ಪ್ರಶಸ್ತಿಯ ಬಂಗಾರದಲ್ಲಿ ಹುಸೇನ್ ಖಾನ್‌ಗೂ ಮುಹಮ್ಮದ್ ಬಕ್ಷ್‌ಗೂ ಪಾಲಿರಲಿಲ್ಲ. ಆದರೆ ಯಾರ ಶ್ರಮವೂ ವ್ಯರ್ಥವಾಗದ ಲೆಕ್ಕವೊಂದು ಅಲ್ಲಾಹನ ಬಳಿ ಇದೆ.

ನಮ್ಮ ಮನೆಯ ತೊಟ್ಟಿ

ರಾಸ್ ತೀರಿಕೊಂಡು ತೊಂಬತ್ತು ವರ್ಷಗಳ ಮೇಲಾಯಿತು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಮಂದಿಗೆ ಮಲೇರಿಯಾ ತಗುಲಿ ಸುಮಾರು 6 ಲಕ್ಷ ಮಂದಿ ಸತ್ತರು. ನಮ್ಮ ಕಡೆ ಈಗ ಮಲೇರಿಯಾಕ್ಕಿಂತ ಹೆಚ್ಚು ಕಾಡುವುದು ಡೆಂಗ್ಯೂ. 2024ರಲ್ಲಿ ಕರ್ನಾಟಕ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ವಿಧಿಸಿತು. 2023ರಲ್ಲಿ ದೇವನಹಳ್ಳಿಗೆ ಸಮೀಪದ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಕೂಡ ಕಂಡುಬಂದಿತ್ತು.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಚರಂಡಿಯದಲ್ಲ. ಅದಕ್ಕೆ ಬೇಕಾದುದು ನಮ್ಮ ಮನೆಯ ಶುದ್ಧ ನೀರು. ನಲ್ಲಿ ನೀರು ದಿನವೂ ಬಾರದ ಊರುಗಳಲ್ಲಿ ನಾವು ಡ್ರಮ್ಮು, ಸಂಪು, ಬಿಂದಿಗೆಗಳಲ್ಲಿ ನೀರು ಹಿಡಿದಿಡುತ್ತೇವೆ. ಅದು ತಪ್ಪಲ್ಲ, ಮುಚ್ಚದಿರುವುದು ತಪ್ಪು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ, ಬೇಕಿದ್ದರೆ ಜುಮಾದ ದಿನವೇ, ಎಲ್ಲ ಪಾತ್ರೆಗಳನ್ನು ಬರಿದು ಮಾಡಿ ಒಣಗಿಸಬೇಕು. ಅದರ ಮೊಟ್ಟೆ ನೀರಿಲ್ಲದೆಯೂ ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಬಲ್ಲದು. ಹಾಗಾಗಿ ಒಳಬದಿಯನ್ನು ಉಜ್ಜಿ ತೊಳೆಯಬೇಕು. ಮಾಳಿಗೆಯ ಮೇಲಿನ ಟಯರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆಗಳನ್ನೂ ಮರೆಯಬಾರದು. ಬರಿದು ಮಾಡಲಾಗದ ಮಸ್ಜಿದ್‌ನ ಹೌಝ್‌ನಲ್ಲಿ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನುಗಳನ್ನು ಬಿಡಬಹುದು. ಈ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಆದುದರಿಂದ ಹಗಲು ಮಲಗುವ ಮಕ್ಕಳಿಗೂ ಪರದೆ ಬೇಕು. ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಬೇಕು. ಡೆಂಗ್ಯೂ ಇರಬಹುದೆಂಬ ಸಂದೇಹವಿದ್ದಾಗ ಆಸ್ಪಿರಿನ್, ಬ್ರೂಫೆನ್‌ನಂತಹ ಮಾತ್ರೆಗಳನ್ನು ಸ್ವಂತವಾಗಿ ನುಂಗಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಆಶಾ ಕಾರ್ಯಕರ್ತೆಯರು ನೀರಿನ ತೊಟ್ಟಿ ನೋಡಲು ಬಂದಾಗ ಕೆಲವು ಮನೆಗಳಲ್ಲಿ ಬಾಗಿಲು ತೆರೆಯುವುದಿಲ್ಲ. ಅವರೂ ನಮ್ಮಂತೆಯೇ ಮನೆಮಠ ಇರುವ ಹೆಂಗಸರು. ಗಂಡಸರಿಲ್ಲದ ಹೊತ್ತಿನಲ್ಲಿಯೂ ಅವರನ್ನು ಒಳಗೆ ಕರೆಯಲು ಯಾವ ಸಂಕೋಚವೂ ಬೇಕಿಲ್ಲ.

ಸೂರಃ ಅಲ್-ಬಕರಃದಲ್ಲಿ ಅಲ್ಲಾಹನು ಸೊಳ್ಳೆಯಂತಹ ಅಲ್ಪ ಜೀವಿಯನ್ನೂ ಉದಾಹರಣೆಯಾಗಿ ಎತ್ತಿ ಹೇಳಿದ್ದಾನೆ. ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕು, ನೀರಿನ ಚೀಲದ ಬಾಯಿ ಕಟ್ಟಬೇಕು ಎಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಒಂಟೆಯನ್ನು ಕಟ್ಟಿದ ಮೇಲೆಯೇ ತವಕ್ಕುಲ್ ಎಂಬುದೂ ಅವರ ಶಿಕ್ಷಣವೇ. ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಬಹಳ ದೂರ ಹಾರುವುದಿಲ್ಲ. ಹೆಚ್ಚೆಂದರೆ ಕೆಲವು ನೂರು ಮೀಟರ್. ಹಾಗಾದರೆ ನಮ್ಮ ತೊಟ್ಟಿಯಲ್ಲಿ ಹುಟ್ಟಿದ ಸೊಳ್ಳೆ ಕಚ್ಚುವುದು ಯಾರನ್ನು? ನಮ್ಮ ಮಕ್ಕಳನ್ನು, ಇಲ್ಲವೇ ನೆರೆಮನೆಯ ಮಕ್ಕಳನ್ನು. ನೆರೆಯವನ ಹಕ್ಕಿನ ಬಗ್ಗೆ ನಾವು ಎಷ್ಟೋ ಪ್ರವಚನಗಳನ್ನು ಕೇಳಿದ್ದೇವೆ. ಇಂದು ಅಸ್ರ್ ನಮಾಝಿನ ಬಳಿಕ ಮನೆಯ ಹಿಂದೆ ಹೋಗಿ ಆ ಡ್ರಮ್ಮಿನ ಮುಚ್ಚಳವನ್ನು ಒಮ್ಮೆ ಎತ್ತಿ ನೋಡೋಣ. 1883ರಲ್ಲಿ ಬೆಂಗಳೂರಿನ ಒಬ್ಬ ಯುವಕ ಮಾಡಿದ್ದೂ ಅಷ್ಟೇ.