ಬಿಡುಗಡೆಯ ಲೆಕ್ಕವಿಟ್ಟ ಕ್ಯಾಪ್ಟನ್ ಮೆಕಾನಕಿ

ಸೆರೆಯ ಕಹಿಯನ್ನು ತಾನೇ ಉಂಡವನು ಸೆರೆಮನೆಯ ಅಧಿಪತಿಯಾಗುವುದು ಅಪೂರ್ವ. ಅಲೆಕ್ಸಾಂಡರ್ ಮೆಕಾನಕಿಯ ಬಾಳಿನಲ್ಲಿ ಈ ಯೋಗ ಒದಗಿತು. ೧೭೮೭ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಈತನು ಬ್ರಿಟಿಷ್ ನೌಕಾಪಡೆಯನ್ನು ಸೇರಿ, ೧೮೧೧ರಲ್ಲಿ ಶತ್ರುಗಳಿಗೆ ಸೆರೆಸಿಕ್ಕಿ, ೧೮೧೪ರವರೆಗೆ ಫ್ರಾನ್ಸಿನಲ್ಲಿ ಯುದ್ಧಕೈದಿಯಾಗಿದ್ದನು. ಮುಂದೆ ಲಂಡನ್ನಿನಲ್ಲಿ ಭೂಗೋಳಶಾಸ್ತ್ರದ ಪ್ರಾಧ್ಯಾಪಕನಾದನು.

೧೮೩೭ರಲ್ಲಿ ಅವನು ಗವರ್ನರನ ಆಪ್ತಕಾರ್ಯದರ್ಶಿಯಾಗಿ ಇಂದಿನ ಟಾಸ್ಮೇನಿಯಕ್ಕೆ ಬಂದನು. ಗಡೀಪಾರಾಗಿ ಬಂದ ಕೈದಿಗಳಿಗೆ ಅಲ್ಲಿ ಸನ್ನಡತೆಗಾಗಿ ಬಿಡುಗಡೆಯ ಚೀಟಿ ದೊರೆಯುತ್ತಿತ್ತು. ಚೀಟಿಯುಳ್ಳವನು ಕೂಲಿಗೆ ದುಡಿಯಬಹುದಾಗಿತ್ತು. ಆದರೆ ಗೊತ್ತುಮಾಡಿದ ಸೀಮೆಯನ್ನು ದಾಟುವಂತಿರಲಿಲ್ಲ, ಹಾಜರಿ ತಪ್ಪಿಸುವಂತಿರಲಿಲ್ಲ. ಸಣ್ಣ ತಪ್ಪಿಗೂ ಚೀಟಿ ರದ್ದಾಗಬಹುದಾಗಿತ್ತು. ವರ್ಷಗಳ ಗಳಿಕೆ ಗಳಿಗೆಯಲ್ಲಿ ಕರಗಬಹುದಾಗಿತ್ತು. ಕೈದಿಗಳ ವ್ಯವಸ್ಥೆಯನ್ನೇ ಖಂಡಿಸಿ ಮೆಕಾನಕಿ ಬರೆದ ವರದಿ ೧೮೩೮ರಲ್ಲಿ ಬೆಳಕಿಗೆ ಬಂದಿತು. ಅವನ ಹುದ್ದೆ ಹೋಯಿತು.

೧೮೪೦ರಲ್ಲಿ, ಸಿಡ್ನಿಗೆ ಸಾವಿರ ಮೈಲಿ ದೂರದ ನಾರ್ಫೋಕ್ ದ್ವೀಪದ ಕಾರಾಗೃಹ ಅವನ ವಶಕ್ಕೆ ಬಂದಿತು. ಕ್ರೌರ್ಯಕ್ಕೆ ಹೆಸರಾದ ಆ ನೆಲದಲ್ಲಿ ಅವನು ಶಿಕ್ಷೆಯನ್ನು ವರ್ಷಗಳಿಂದಲ್ಲದೆ ಅಂಕಗಳಿಂದ ಅಳೆಯಹೊರಟನು. ಜೀವಾವಧಿಯವನು ೮೦೦೦ ಅಂಕಗಳನ್ನು ದುಡಿಮೆಯಿಂದಲೂ ನಡತೆಯಿಂದಲೂ ಗಳಿಸಬೇಕು. ತಪ್ಪಿದವನಿಗೆ ಬಹುಮಟ್ಟಿಗೆ ಚಾವಟಿಯ ಬದಲು ಅಂಕಗಳ ದಂಡ. ಆ ದಂಡಕ್ಕೆ ಮಿತಿಯಿತ್ತು. ಎಡವಿದವನು ಮೊದಲಿನಿಂದ ನಡೆಯಬೇಕಾಗಿರಲಿಲ್ಲ. ಅದೇ ಮೇ ತಿಂಗಳಲ್ಲಿ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬಕ್ಕೆ ಸೆರೆಮನೆಯ ಬಾಗಿಲುಗಳನ್ನೇ ತೆರೆಸಿದನು. ಕೈದಿಗಳು ಉಂಡರು, ನಾಟಕವಾಡಿದರು, ಸಂಜೆ ತಾವಾಗಿ ಮರಳಿದರು.

ಸಿಡ್ನಿಯಲ್ಲಿ ಕೋಲಾಹಲವೆದ್ದಿತು. ಅಂಕಗಳಿಂದ ಶಿಕ್ಷೆಯನ್ನು ಮೊಟಕುಗೊಳಿಸುವ ಅಧಿಕಾರವೂ ಅವನಿಗೆ ಪೂರ್ಣವಾಗಿ ದೊರೆಯಲಿಲ್ಲ. ೧೮೪೩ರಲ್ಲಿ ಗವರ್ನರ್ ಗಿಪ್ಸ್ ದ್ವೀಪಕ್ಕೆ ಬಂದು ಕಣ್ಣಾರೆ ಕಂಡು ಮೆಚ್ಚಿದನಾದರೂ, ಆ ಮೆಚ್ಚುಗೆ ಮೆಕಾನಕಿಯನ್ನು ಉಳಿಸಲಿಲ್ಲ. ಅದೇ ವರ್ಷ ಲಂಡನ್ನಿನಿಂದ ಅವನನ್ನು ಹಿಂದಕ್ಕೆ ಕರೆಸುವ ಆಜ್ಞೆ ಹೊರಟಿತು. ಮುಂದೆ ಬರ್ಮಿಂಗ್‌ಹ್ಯಾಮ್ ಸೆರೆಮನೆಯ ಅಧಿಕಾರವೂ ೧೮೫೧ರಲ್ಲಿ ಕೈತಪ್ಪಿತು. ೧೮೬೦ರಲ್ಲಿ ಅವನು ಕಣ್ಮುಚ್ಚಿದನು.

ಅವನ ಅಂಕಪದ್ಧತಿಯು ಐರ್ಲೆಂಡಿನಲ್ಲಿ ವಾಲ್ಟರ್ ಕ್ರಾಫ್ಟನ್ನನ ಕೈಯಲ್ಲಿ ಬೆಳೆದು, ಅಮೆರಿಕದಲ್ಲಿ ಪೆರೋಲಿಗೆ ದಾರಿಯಾಯಿತು. ಚೀಟಿ ಕಿತ್ತುಕೊಳ್ಳುವವರಿಗೆ ಮಾತ್ರ ಲೆಕ್ಕ ಬಹುಕಾಲ ಬರಲಿಲ್ಲ. ತಪ್ಪೇನೆಂದು ತಿಳಿಸದೆ, ಅಹವಾಲು ಕೇಳದೆ ಪೆರೋಲು ರದ್ದುಮಾಡಕೂಡದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ವಿಧಿಸಿದ್ದು ೧೯೭೨ರಲ್ಲಿ. ಲೂಯಿಸಿಯಾನ ಸಂಸ್ಥಾನವು, ಹೊಸ ಅಪರಾಧವೆಸಗದೆ ಕೇವಲ ಷರತ್ತು ಮೀರಿದವನ ಮೊದಲ ತಪ್ಪಿಗೆ ಸೆರೆವಾಸವನ್ನು ೯೦ ದಿನಗಳಿಗೆ ಮಿತಿಗೊಳಿಸಿದ್ದು ೨೦೦೭ರಲ್ಲಿ. ಕೊಡುವಾಗ ಅಳೆದು ಕೊಡುವ ರಾಜ್ಯವು ಕಸಿಯುವಾಗಲೂ ಅಳೆಯಬೇಕೆಂಬ ನ್ಯಾಯವನ್ನು, ಆ ಪುಟ್ಟ ದ್ವೀಪವು ನಾಲ್ಕೇ ವರ್ಷ ಕಂಡು ಕಳೆದುಕೊಂಡಿತ್ತು.