ಖಗೋಳ ವಿಜ್ಞಾನಿ ಡಾ. ವೈನು ಬಾಪು

ಭಾರತೀಯ ಖಗೋಳ ವಿಜ್ಞಾನಕ್ಕೆ ಭದ್ರವಾದ ನೆಲೆಯನ್ನು ಕಟ್ಟಿಕೊಟ್ಟ ಮಹನೀಯರಲ್ಲಿ ಡಾ. ವೈನು ಬಾಪು ಅಗ್ರಗಣ್ಯರು. 1927ರಲ್ಲಿ ಜನಿಸಿದ ಅವರಿಗೆ, ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ದುಡಿಯುತ್ತಿದ್ದ ತಂದೆಯಿಂದಲೇ ನಕ್ಷತ್ರಲೋಕದ ಒಲವು ದೊರೆಯಿತು. ಹಾರ್ವರ್ಡಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ, 1949ರಲ್ಲಿ ಅವರು ಕಂಡ ಧೂಮಕೇತು ಅವರ ಹೆಸರನ್ನು ಹೊತ್ತಿತು. ಪರದೇಶದ ಕೀರ್ತಿಗೆ ಮರುಳಾಗದೆ ಅವರು ತಾಯ್ನಾಡಿಗೆ ಮರಳಿದರು.

1971ರಲ್ಲಿ ರೂಪುಗೊಂಡು ಮುಂದೆ ಬೆಂಗಳೂರಿನಲ್ಲಿ ನೆಲೆನಿಂತ ಭಾರತೀಯ ಖಭೌತ ಸಂಸ್ಥೆಗೆ ಅವರೇ ಪ್ರಥಮ ನಿರ್ದೇಶಕರು. ತಮಿಳುನಾಡಿನ ಕಾವಲೂರಿನಲ್ಲಿ ಅವರು ಸ್ಥಾಪಿಸಿದ ವೀಕ್ಷಣಾಲಯದಿಂದ 1972ರ ಜೂನ್ 7ರಂದು, ಗುರುಗ್ರಹದ ಚಂದ್ರನಾದ ಗ್ಯಾನಿಮೀಡ್ ನಕ್ಷತ್ರವೊಂದನ್ನು ಮರೆಮಾಡಿದ್ದನ್ನು ಅಳೆಯಲಾಯಿತು. ನಕ್ಷತ್ರದ ಬೆಳಕು ಒಮ್ಮೆಲೇ ಆರದೆ ಕ್ರಮೇಣ ಕುಂದಿದ್ದರಿಂದ, ಅಲ್ಲಿ ವಾಯುಮಂಡಲವಿದೆಯೆಂದು ತರ್ಕಿಸಲಾಯಿತು. 1979ರಲ್ಲಿ ವಾಯೇಜರ್ ನೌಕೆಯು ಅಷ್ಟು ಅನಿಲ ಅಲ್ಲಿಲ್ಲವೆಂದು ತೋರಿಸಿತು. ಅತಿ ವಿರಳವಾದ ಆಮ್ಲಜನಕವಿರುವುದು ಆಮೇಲೆ ತಿಳಿಯಿತು. ವಿಜ್ಞಾನವು ತನ್ನನ್ನು ತಾನೇ ತಿದ್ದಿಕೊಳ್ಳುವ ಬಗೆಯೇ ಇದು.

ವಾಯೇಜರ್ ಅದೇ ವರ್ಷ ಗುರುವಿನ ಮತ್ತೊಂದು ಚಂದ್ರನಾದ ಅಯೋದಲ್ಲಿ ಉರಿಯುವ ಜ್ವಾಲಾಮುಖಿಗಳನ್ನು ಕಂಡಿತು. ಅಯೋದಿಂದ ಸೆಕೆಂಡಿಗೆ ಸುಮಾರು 1 ಟನ್ನಿನಷ್ಟು ಗಂಧಕಯುಕ್ತ ಅನಿಲ ಹೊರಬೀಳುತ್ತದೆ. ಅದು ವಿದ್ಯುದಾವೇಶ ಹೊಂದಿ, ಗುರುವಿನ ಕಾಂತಕ್ಷೇತ್ರದೊಡನೆ ಸುತ್ತುತ್ತ, ಆ ದೈತ್ಯಗ್ರಹದ ಕಾಂತಗೋಳವನ್ನೇ ಹಿಗ್ಗಿಸಿ, ಧ್ರುವಪ್ರಭೆಯನ್ನು ಬೆಳಗಿಸುತ್ತದೆ. ಕಿರಿಯ ಚಂದ್ರನ ಉಸಿರೂ ಹಿರಿಯ ಗ್ರಹದ ಪರಿಸರವನ್ನು ಮಾರ್ಪಡಿಸಬಲ್ಲದು.

1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷಪದವಿಗೇರಿದ ಬಾಪು ಅವರು 1982ರಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು. ಅವರು ಕನಸಿದ 2.34 ಮೀಟರ್ ದೂರದರ್ಶಕವು ಪೂರ್ಣಗೊಂಡದ್ದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ. 1986ರಲ್ಲಿ ಅದಕ್ಕೆ ಅವರ ಹೆಸರನ್ನೇ ಇಡಲಾಯಿತು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಮಾಳಿಗೆಯಿಂದಲೂ ಗುರುಗ್ರಹ ಬರಿಗಣ್ಣಿಗೇ ಕಾಣುತ್ತದೆ. ಅದನ್ನು ನೋಡಿ ಪ್ರಶ್ನೆ ಕೇಳುವ ವಿದ್ಯಾರ್ಥಿಯೇ ಬಾಪು ಅವರಿಗೆ ನಿಜವಾದ ಸ್ಮಾರಕ.