ವಿದ್ಯಾರ್ಥಿವೇತನದಿಂದ ಓದಿದ ಹುಡುಗ: ಸರ್ ಎಂ. ವಿಶ್ವೇಶ್ವರಯ್ಯ



ಪ್ರತಿ ವರ್ಷ ಸೆಪ್ಟೆಂಬರ್ 15ನ್ನು ನಮ್ಮ ದೇಶದಲ್ಲಿ ಇಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ. ಅದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ಕನ್ನಂಬಾಡಿ ಕಟ್ಟೆಯ ಪಾಠದಲ್ಲಿ ಅವರ ಹೆಸರನ್ನು ನೀವು ಓದಿರುತ್ತೀರಿ. ಒಮ್ಮೆ ಶಲವಡಿಯಲ್ಲಿ ಮಕ್ಕಳಿಗೆ ಅವರ ವಿಷಯ ಹೇಳುತ್ತಿದ್ದೆ. ಏಳನೆಯ ತರಗತಿಯ ಬಾಲಕಿಯೊಬ್ಬಳು ಎದ್ದು ನಿಂತು, ಅವರ ಕಾಲೇಜಿನ ಫೀ ಯಾರು ಕಟ್ಟಿದರು ಎಂದು ಕೇಳಿದಳು. ಎಷ್ಟು ಒಳ್ಳೆಯ ಪ್ರಶ್ನೆ! ಅದಕ್ಕೆ ಉತ್ತರ ಹುಡುಕುತ್ತಾ ಅವರ ಜೀವನವನ್ನು ನೋಡೋಣ ಬನ್ನಿ.

ಪಾಠ ಹೇಳುತ್ತಾ ಪಾಠ ಕಲಿತರು

ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿ ಎಂಬ ಪುಟ್ಟ ಹಳ್ಳಿಯಿದೆ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಅಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ಹಣವಿರಲಿಲ್ಲ, ಆದರೆ ಅಕ್ಷರವಿತ್ತು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪ್ರಾಥಮಿಕ ಶಿಕ್ಷಣ ಚಿಕ್ಕಬಳ್ಳಾಪುರದಲ್ಲಿ ಆಯಿತು. ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಸಾಮಾನ್ಯವಾಗಿ ಇಂಥ ಸಮಯದಲ್ಲಿ ಹುಡುಗರ ಓದು ನಿಂತುಹೋಗುತ್ತದೆ, ಅಲ್ಲವೇ? ಆದರೆ ಬೆಂಗಳೂರಿನಲ್ಲಿ ಸೋದರಮಾವ ರಾಮಯ್ಯನವರಿದ್ದರು. ಅವರ ಆಸರೆಯಿಂದ ಹುಡುಗ ಬೆಂಗಳೂರಿನ ಹೈಸ್ಕೂಲಿಗೆ, ಅಲ್ಲಿಂದ ಸೆಂಟ್ರಲ್ ಕಾಲೇಜಿಗೆ ಸೇರಿದ. ಖರ್ಚಿಗೆ ಏನು ಮಾಡುವುದು? ಕೊಡಗು ಮೂಲದ ಅಧಿಕಾರಿಯೊಬ್ಬರ ಮಕ್ಕಳಿಗೆ ಮನೆಪಾಠ ಹೇಳತೊಡಗಿದ. ರಾತ್ರಿ ಆ ಮನೆಯಲ್ಲಿ ವಾಸ, ಊಟಕ್ಕೆ ಮಾವನ ಮನೆ. ಎರಡರ ನಡುವೆ ದಿನವೂ ನಡಿಗೆ! ಕಾಲೇಜಿನ ಪ್ರಾಂಶುಪಾಲರಾದ ಚಾರ್ಲ್ಸ್ ವಾಟರ್ಸ್ ಅವರು ಈ ಹುಡುಗನ ಗಣಿತದ ಜಾಣ್ಮೆಯನ್ನು ಗುರುತಿಸಿ ಪ್ರೋತ್ಸಾಹಿಸಿದರು. 1881ರಲ್ಲಿ ಬಿ.ಎ. ಮುಗಿಯಿತು.

ಪುಣೆಗೆ ದಾರಿ

ಮುಂದೆ ಇಂಜಿನಿಯರಿಂಗ್ ಓದುವ ಆಸೆ. ಅದಕ್ಕೆ ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಬೇಕಿತ್ತು. ಮನೆಪಾಠದ ಹಣ ಅಷ್ಟು ದೂರದ ಓದಿಗೆ ಎಲ್ಲಿ ಸಾಲುತ್ತದೆ? ಆಗ ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಬಾಲಕಿಯ ಪ್ರಶ್ನೆಗೆ ಉತ್ತರ ಇದೇ: ಪುಣೆಯ ಓದಿನ ಭಾರ ಹೊತ್ತದ್ದು ಸರ್ಕಾರ, ಅಂದರೆ ತೆರಿಗೆ ಕಟ್ಟಿದ ಜನರು.

1883ರಲ್ಲಿ ಅವರು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಆದರು. ನಮ್ಮ ಧಾರವಾಡ ಜಿಲ್ಲೆಯೂ ಆಗ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೆ ಮೊದಲು ನಮ್ಮ ಭಾಗದವರೂ ಕಾಲೇಜು ಓದಲು ಪುಣೆ, ಮುಂಬಯಿಯಂಥ ದೂರದ ಊರುಗಳಿಗೆ ಹೋಗಬೇಕಾಗಿತ್ತು. ಹೋಗಲಾರದವರ ಓದು ಅಲ್ಲಿಗೇ ಮುಗಿಯುತ್ತಿತ್ತು.

ತಾನಾಗಿಯೇ ತೆರೆಯುವ ಬಾಗಿಲು

ನವಲಗುಂದ ಭಾಗದ ಮಕ್ಕಳೇ, ಮಲಪ್ರಭಾ ಕಾಲುವೆಯ ಗೇಟನ್ನು ನೀವು ನೋಡಿರಬಹುದು. ನೀರು ಬಿಡಲು, ನಿಲ್ಲಿಸಲು ಯಾರಾದರೂ ಅದನ್ನು ಎತ್ತಿ ಇಳಿಸಬೇಕು. ವಿಶ್ವೇಶ್ವರಯ್ಯನವರು ತಾನಾಗಿಯೇ ತೆರೆದು ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ಜಲಾಶಯ ತುಂಬಿ ನೀರು ನಿಗದಿತ ಮಟ್ಟ ಮೀರಿದಾಗ ಅವು ತೆರೆದುಕೊಂಡು ಹೆಚ್ಚಿನ ನೀರನ್ನು ಹೊರಬಿಡುತ್ತವೆ. ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತವೆ. ಇದರಿಂದ ಹಳೆಯ ಕಟ್ಟೆಯಲ್ಲೇ ಹೆಚ್ಚು ನೀರನ್ನು ಅಪಾಯವಿಲ್ಲದೆ ನಿಲ್ಲಿಸಬಹುದಾಯಿತು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಇವುಗಳನ್ನು ಅಳವಡಿಸಿದರು.

ದಿವಾನರಾಗಿ

1912ರಲ್ಲಿ ಅವರು ಮೈಸೂರು ಸಂಸ್ಥಾನದ ದಿವಾನರಾದರು. ಅವರ ಆರು ವರ್ಷಗಳ ಆಡಳಿತದಲ್ಲಿ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾದವು. ಮೈಸೂರು ಸೀಮೆಯ ಹುಡುಗರು ಇಂಜಿನಿಯರ್ ಆಗಲು ಇನ್ನು ಪುಣೆಗೇ ಹೋಗಬೇಕಾಗಿರಲಿಲ್ಲ.

ಆದರೂ ಒಂದು ತೊಡಕು ಉಳಿದಿತ್ತು. ತಲೆತಲಾಂತರದಿಂದ ಅಕ್ಷರ ಕಾಣದ ಮನೆಗಳ ಮಕ್ಕಳು ಈ ಕಾಲೇಜುಗಳನ್ನು ತಲುಪುವುದು ಅಪರೂಪವಾಗಿತ್ತು. ಸರ್ಕಾರಿ ಹುದ್ದೆಗಳಲ್ಲಿಯೂ ಕೆಲವೇ ಸಮುದಾಯದವರು ತುಂಬಿದ್ದರು. ಇದನ್ನು ಪರಿಶೀಲಿಸಲು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಹುದ್ದೆಗಳಿಗೆ ಅರ್ಹತೆಯೊಂದೇ ಅಳತೆಯಾಗಬೇಕು, ಹಿಂದುಳಿದವರನ್ನು ಶಿಕ್ಷಣದ ಮೂಲಕ ಮೇಲೆತ್ತಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಈ ಭಿನ್ನಾಭಿಪ್ರಾಯದಿಂದ ಅವರು ದಿವಾನ ಪದವಿಯನ್ನು ಬಿಟ್ಟರು. ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪಾಲು ಮತ್ತು ಓದಿಗೆ ನೆರವು ಕೊಡಬೇಕೆಂದು ಸಮಿತಿ 1919ರಲ್ಲಿ ವರದಿ ನೀಡಿತು.

ದೊಡ್ಡವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಲೇಬೇಕೆಂದಿಲ್ಲ. ಮುದ್ದೇನಹಳ್ಳಿಯ ಹುಡುಗನ ಮನೆಯಲ್ಲಿ ಹಣವಿಲ್ಲದಿದ್ದರೂ ಅಕ್ಷರವಿತ್ತು ಎಂದೆನಲ್ಲ? ಎರಡೂ ಇಲ್ಲದ ಮನೆಯ ಮಗುವಿಗೆ ದಾರಿ ಇನ್ನೂ ದೂರ. ಅಂಥವರಿಗೆ ಹೆಚ್ಚಿನ ಆಸರೆ ಬೇಕೆಂಬುದನ್ನು ಮುಂದೆ ನಮ್ಮ ಸಂವಿಧಾನವೂ ಒಪ್ಪಿತು.

ವಿಶ್ವೇಶ್ವರಯ್ಯನವರಿಗೆ 1955ರಲ್ಲಿ ಭಾರತರತ್ನ ದೊರೆಯಿತು. ನೂರು ವರ್ಷ ತುಂಬಿದ ಬಳಿಕ, 1962ರ ಏಪ್ರಿಲ್‌ನಲ್ಲಿ ಅವರು ನಿಧನರಾದರು.

ನಿಮಗಾಗಿ

ವಿಶ್ವೇಶ್ವರಯ್ಯನವರಲ್ಲಿ ಬುದ್ಧಿಯಿತ್ತು, ಶ್ರಮವೂ ಇತ್ತು. ಜೊತೆಗೆ ಮಾವನ ಮನೆ, ಮನೆಪಾಠದ ಹಣ, ಗುರುಗಳ ಪ್ರೋತ್ಸಾಹ, ಸರ್ಕಾರದ ವಿದ್ಯಾರ್ಥಿವೇತನ ಈ ನಾಲ್ಕೂ ಇದ್ದವು. ಇವುಗಳಲ್ಲಿ ಒಂದು ತಪ್ಪಿದ್ದರೂ ಏನಾಗುತ್ತಿತ್ತು? ಯೋಚಿಸಿ.

ಈಗ ನಿಮಗೂ ಅಂಥದೊಂದು ಅವಕಾಶವಿದೆ. ಎಂಟನೆಯ ತರಗತಿಯಲ್ಲಿ ಎನ್.ಎಂ.ಎಂ.ಎಸ್. ಪರೀಕ್ಷೆ ನಡೆಯುತ್ತದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ, ಆದಾಯ ಕಡಿಮೆಯಿರುವ ಮನೆಗಳ ಮಕ್ಕಳು ಇದನ್ನು ಬರೆಯಬಹುದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಏಳನೆಯ ತರಗತಿಯ ಅಂಕಗಳೂ ಇದಕ್ಕೆ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಈಗಿನಿಂದಲೇ ಗಣಿತ, ವಿಜ್ಞಾನಗಳನ್ನು ಗಮನವಿಟ್ಟು ಓದಿ. ಆದಾಯ ಪ್ರಮಾಣಪತ್ರ ಬೇಕಾಗುತ್ತದೆ ಎಂದು ಮನೆಯಲ್ಲಿ ಅಪ್ಪ ಅವ್ವನಿಗೆ ಮೊದಲೇ ತಿಳಿಸಿ. ಅರ್ಜಿ ಯಾವಾಗ ಹಾಕಬೇಕೆಂದು ನಾಳೆಯೇ ನಿಮ್ಮ ಗುರುಗಳನ್ನು ಕೇಳುತ್ತೀರಲ್ಲವೇ?